ಕಾನು ಉಳಿದರೆ ಅಬ್ಬಿ

ಶಿರಸಿ ಸೀಮೆಯಲ್ಲಿ ಮನೆ ಕಟ್ಟುವವರು ಹಿಂದೆ ಮೊದಲು ನೋಡುತ್ತಿದ್ದುದು ರಸ್ತೆಯನ್ನಲ್ಲ, ನೀರನ್ನು. ಗುಡ್ಡದ ನೆತ್ತಿಯಲ್ಲಿ ಕಾನು ಎಂದು ಕರೆಯುವ ದಟ್ಟ ಕಾಡು, ಅದರ ಕೆಳಗೆ ಸೊಪ್ಪಿನಬೆಟ್ಟ, ಬೆಟ್ಟದ ಬುಡದಲ್ಲಿ ಮನೆ, ಮನೆಯ ಕೆಳಗೆ ಕಣಿವೆಯಲ್ಲಿ ಅಡಿಕೆ ತೋಟ, ತೋಟ ದಾಟಿದರೆ ಗದ್ದೆ. ಈ ಕ್ರಮ ತಲೆತಲಾಂತರದ್ದು. ಮೇಲಿನದು ಕೆಟ್ಟರೆ ಕೆಳಗಿನದು ಯಾವುದೂ ಉಳಿಯುವುದಿಲ್ಲ ಎಂಬುದು ಇಲ್ಲಿನ ಮಕ್ಕಳಿಗೂ ಗೊತ್ತು.

ನಾನು ಮದುವೆಯಾಗಿ ಈ ಕಡೆ ಬಂದದ್ದು ಎಂಬತ್ತರ ದಶಕದ ಆರಂಭದಲ್ಲಿ. ತವರಿನಲ್ಲಿ ಬಾವಿ ಬಹಳ ಆಳ, ಹಗ್ಗ ಎಳೆದು ಎಳೆದು ಅಂಗೈ ದಡ್ಡುಗಟ್ಟಿತ್ತು. ಇಲ್ಲಿ ಬಂದರೆ ಅಬ್ಬಿ ನೀರು. ಕಾನಿನ ಬುಡದಲ್ಲಿ ಹುಟ್ಟಿದ ಒರತೆ, ಅಡಿಕೆ ಮರ ಸೀಳಿ ಮಾಡಿದ ದಂಬೆಯ ಮೇಲೆ ಹರಿದು ಹಿತ್ತಿಲಿನ ಕಲ್ಲುಮರಿಗೆಗೆ ಬೀಳುತ್ತಿತ್ತು. ರಾತ್ರಿಯಿಡೀ ಅದರ ಸದ್ದು. ಕೊಡ ಹಿಡಿದರೆ ತುಂಬುತ್ತದೆ, ಪಾತ್ರೆ ಇಟ್ಟರೆ ತೊಳೆಯುತ್ತದೆ, ಉಳಿದದ್ದು ತೋಟಕ್ಕೆ ಹೋಗುತ್ತದೆ. ವಿದ್ಯುತ್ ಬೇಡ, ಪಂಪು ಬೇಡ. ಏಪ್ರಿಲ್ ತಿಂಗಳಲ್ಲಿ ಧಾರೆ ಸಣ್ಣದಾಗುತ್ತಿತ್ತು, ಆದರೆ ನಿಲ್ಲುತ್ತಿರಲಿಲ್ಲ. ದಂಬೆಯಲ್ಲಿ ಎಲೆ ಸಿಕ್ಕಿಕೊಂಡರೆ ಮೇಲೆ ಹತ್ತಿ ಬಿಡಿಸಿ ಬರುವುದು ನನ್ನ ಕೆಲಸವಾಯಿತು. ಆ ನೆಪದಲ್ಲಿ ನಾನು ಕಾನು ನೋಡಿದೆ. ಹಗಲಲ್ಲೂ ಮಬ್ಬು. ಕಾಲಿಟ್ಟರೆ ಒಣ ಎಲೆಯ ದರಕು ಪಾದ ಮುಚ್ಚುವಷ್ಟು. ಅದನ್ನು ಕೈಯಿಂದ ಸರಿಸಿದರೆ ಅಡಿಯಲ್ಲಿ ಕಪ್ಪು ಮಣ್ಣು, ಬೇಸಿಗೆಯಲ್ಲೂ ತಣ್ಣಗೆ, ಹಿಂಡಿದರೆ ನೀರು ಬರುತ್ತದೇನೋ ಅನ್ನಿಸುವ ಹಾಗೆ.

ಅದೇ ಹೊತ್ತಿಗೆ ಸುತ್ತಲಿನ ಕಾಡುಗಳಲ್ಲಿ ಗರಗಸದ ಸದ್ದೂ ಕೇಳುತ್ತಿತ್ತು. ಐವತ್ತರ ದಶಕದಿಂದ ಈಚೆಗೆ ನಮ್ಮ ಉತ್ತರ ಕನ್ನಡ ಜಿಲ್ಲೆ ರಾಜ್ಯದ ಅಭಿವೃದ್ಧಿಗೆ ಕೊಟ್ಟದ್ದಕ್ಕೆ ಲೆಕ್ಕವಿಲ್ಲ. ದಾಂಡೇಲಿಯ ಕಾಗದದ ಕಾರ್ಖಾನೆಗೆ ಬಿದಿರು, ಪ್ಲೈವುಡ್ಡಿಗೆ ದೊಡ್ಡ ಮರಗಳು, ಕಾಳಿ ಕಣಿವೆಯ ಅಣೆಕಟ್ಟುಗಳಿಗೆ ಕಾಡಿಗೆ ಕಾಡು. ನೂರು ಜಾತಿಯ ಮರಗಳಿದ್ದ ಸಹಜ ಕಾಡನ್ನು ಪೂರಾ ಬೋಳಿಸಿ ಸಾಗುವಾನಿ ಹಚ್ಚಿದರು, ಆಮೇಲೆ ನೀಲಗಿರಿ ಹಚ್ಚಿದರು. ಸಾಗುವಾನಿ ನೆಡುತೋಪಿನ ಕೆಳಗೆ ಹಳ್ಳಗಳು ಸಂಕ್ರಾಂತಿಗೆಲ್ಲ ಒಣಗುವುದನ್ನು ಅದರ ಬುಡದಲ್ಲಿ ತೋಟ ಇದ್ದವರು ಕಣ್ಣಾರೆ ಕಂಡಿದ್ದರು. ತೋಟಕ್ಕೆ ನೀರಿಲ್ಲದೆ ಊರು ಬಿಟ್ಟವರ ಕತೆಗಳು ಮದುವೆ ಮನೆಗಳಲ್ಲಿ, ತಿಥಿ ಮನೆಗಳಲ್ಲಿ ಕೇಳಿಬರುತ್ತಿದ್ದವು.

ಎದುರು ನಿಲ್ಲುವುದನ್ನು ಈ ಸೀಮೆ ಕಲಿತದ್ದು ಬೇಡ್ತಿಯಿಂದ ಎಂದು ನಾನು ಭಾವಿಸುತ್ತೇನೆ. ಬೇಡ್ತಿ ನದಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯುವ ಯೋಜನೆ ಬಂದಾಗ, ಮುಳುಗಲಿರುವ ತೋಟ, ಗದ್ದೆ, ಕಾಡುಗಳ ಬೆಲೆಯನ್ನು ಊರಿನವರೇ ಕೂತು ಲೆಕ್ಕ ಹಾಕಿದರು. 1981ರ ಆರಂಭದಲ್ಲಿ ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘ ವಿಜ್ಞಾನಿಗಳನ್ನು, ಎಂಜಿನಿಯರುಗಳನ್ನು ಕರೆಸಿ ವಿಚಾರ ಸಂಕಿರಣ ಮಾಡಿತು. ಅಡಿಕೆ ವ್ಯಾಪಾರ ಮಾಡುವ ಸಂಘವೊಂದು ನದಿಯ ಬಗ್ಗೆ ಪಂಡಿತರನ್ನು ಕೂಡಿಸಿ ಚರ್ಚೆ ಮಾಡಿದ್ದು ಸಣ್ಣ ಸಂಗತಿಯಲ್ಲ. ಯೋಜನೆ ಅಲ್ಲಿಗೆ ನಿಂತಿತು. ಸರ್ಕಾರದ ಕಾಗದದಲ್ಲಿ ಬರೆದದ್ದು ಬ್ರಹ್ಮಲಿಪಿಯಲ್ಲ ಎಂಬ ಧೈರ್ಯ ಜನಕ್ಕೆ ಬಂದದ್ದು ಆಗ.

ಮೂರು ವರ್ಷ ಕಳೆಯುವುದರೊಳಗೆ ಆ ಧೈರ್ಯ ಬೇಕಾಯಿತು. ಸಾಲ್ಕಣಿ ಕಡೆಯ ಕಳಸೆ ಕಾಡಿನಲ್ಲಿ ಮರಗಳಿಗೆ ಗುರುತು ಬಿತ್ತು. ಅಲ್ಲಿನ ಯುವಕ ಮಂಡಳದ ಹುಡುಗರು ಕಡಿಯಬೇಡಿ ಎಂದು ಅರಣ್ಯ ಇಲಾಖೆಗೆ ಬರೆದರು, ಕೇಳಿಕೊಂಡರು, ಫಲ ಸಿಗಲಿಲ್ಲ. 1983ರ ಆಗಸ್ಟಿನಲ್ಲಿ ಚಿಪ್ಕೊ ಚಳವಳಿಯ ಸುಂದರಲಾಲ ಬಹುಗುಣರು ಶಿರಸಿಗೆ ಬಂದರು. ಹಿಮಾಲಯದ ಹಳ್ಳಿಗಳಲ್ಲಿ ಹತ್ತು ವರ್ಷದಿಂದ ನಡೆದಿದ್ದ ಚಿಪ್ಕೊ, 1974ರಲ್ಲಿ ರೇಣಿ ಗ್ರಾಮದಲ್ಲಿ ಗೌರಾದೇವಿ ಮತ್ತು ಅವಳ ಜೊತೆಯ ಹೆಂಗಸರು ಮರ ಕಡಿಯುವವರನ್ನು ತಡೆದದ್ದು, ಇವೆಲ್ಲ ನಮ್ಮ ಕಿವಿಗೆ ಬಿದ್ದದ್ದು ಆಗಲೇ. ನಮ್ಮ ಯಜಮಾನರು ಬಹುಗುಣರ ಸಭೆಗೆ ಹೋಗಿದ್ದರು. ರಾತ್ರಿ ಊಟಕ್ಕೆ ಕೂತಾಗ ಅತ್ತೆಯವರಿಗೆ ವಿವರಿಸಿ ಹೇಳಿದರು. ಅತ್ತೆ ಬಡಿಸುವ ಸೌಟು ಹಿಡಿದುಕೊಂಡೇ ಕೇಳಿದರು. ಬೆಟ್ಟದ ಹೆಂಗಸರು ನೀರಿಗೂ ಸೌದೆಗೂ ಎಷ್ಟು ದೂರ ಹೋಗಬೇಕು ಎಂಬುದೊಂದೇ ಅವರ ಪ್ರಶ್ನೆ.

ಸೆಪ್ಟೆಂಬರ್ ಬಂತು. ಚೌತಿ ಹಬ್ಬ ಎದುರಿಗಿತ್ತು. ನಮ್ಮ ಸೀಮೆಯಲ್ಲಿ ಚೌತಿಗೆ ಮೊದಲು ಚಕ್ಲಿ ಕಂಬಳ ನಡೆಯುತ್ತದೆ. ಇವತ್ತು ಈ ಮನೆ, ನಾಳೆ ಆ ಮನೆ ಎಂದು ಕೇರಿಯವರೆಲ್ಲ ಸೇರಿ ಒಬ್ಬರ ಮನೆಯ ಚಕ್ಲಿ ಮಾಡಿ ಮುಗಿಸಿಕೊಡುವುದು. ಕೈಚಕ್ಲಿ ಸುತ್ತುವುದು ಹೆಚ್ಚಾಗಿ ಗಂಡಸರ ಕೈ. ಹಿಟ್ಟಿನ ಎಳೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆಯುತ್ತ, ಮುಳ್ಳು ಏಳಿಸುತ್ತ, ಬಾಳೆಲೆಯ ಮೇಲೆ ಸುತ್ತು ಹಾಕುತ್ತ ಹೋಗುತ್ತಾರೆ. ಹೆಂಗಸರು ಬಾಣಲೆ ಮುಂದೆ. ಆ ವರ್ಷ ನಮ್ಮ ಮನೆಯ ಕಂಬಳದಲ್ಲಿ ಕಾಡಿನ ಮಾತು ಬಿಟ್ಟರೆ ಬೇರೆ ಮಾತಿಲ್ಲ. ‘ಕಾನು ಕಡಿತ್ವಡ’ ಎಂದರು ಯಾರೋ. ಗಣಪತಿಗೆ ಕಟ್ಟುವ ಫಲಾವಳಿಗೆ ಕಾಡಿನ ಕಾಯಿ, ಹೂವು ತರಲು ಹೋದವರು ಗುರುತು ಬಿದ್ದ ಮರಗಳನ್ನು ನೋಡಿ ಬಂದಿದ್ದರು. ಇಲಾಖೆ ಗುರುತು ಹಾಕಿದ್ದು ಎಷ್ಟು, ನಿಜಕ್ಕೂ ಹೋಗುವುದು ಎಷ್ಟು ಎಂಬ ಚರ್ಚೆ ನಡೆಯಿತು. ಒಂದು ದೊಡ್ಡ ಮರ ಉರುಳಿದರೆ ಸುತ್ತಲಿನ ಹತ್ತಾರು ಸಣ್ಣ ಮರಗಳನ್ನು ಮುರಿದುಕೊಂಡೇ ಬೀಳುತ್ತದೆ. ದಿಮ್ಮಿ ಎಳೆಯುವ ದಾರಿಗೆ ಇನ್ನಷ್ಟು. ಲಾರಿ ನಿಲ್ಲುವ ಜಾಗಕ್ಕೆ ಮತ್ತಷ್ಟು. ಕಾಗದದಲ್ಲಿ ಇವು ಯಾವುವೂ ಇರುವುದಿಲ್ಲ. ಬಾಣಲೆಯಿಂದ ಚಕ್ಲಿ ತೆಗೆಯುತ್ತಿದ್ದ ಅತ್ತೆ, ತಲೆಯೆತ್ತದೆ, ‘ಮರ ಹೋದ್ಮೇಲೆ ಅಬ್ಬಿ ನೀರು ಎಲ್ಲಿಂದ ಬತ್ತು?’ ಎಂದರು. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಚಳವಳಿಯ ಬಗ್ಗೆ ಎಷ್ಟೋ ಭಾಷಣ ಆಮೇಲೆ ಕೇಳಿದ್ದೇನೆ, ಆ ಒಂದು ಮಾತಿನಷ್ಟು ನೇರವಾಗಿ ವಿಷಯ ಹೇಳಿದವರು ಕಡಿಮೆ.

1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಗಂಡಸರು, ಹೆಂಗಸರು, ಮಕ್ಕಳು ಮಳೆಯಲ್ಲೇ ನಡೆದು ಹೋಗಿ ಕಳಸೆ ಕಾಡಿನ ಮರಗಳನ್ನು ಅಪ್ಪಿಕೊಂಡರು. ಪಾಂಡುರಂಗ ಹೆಗಡೆ ಮತ್ತು ಅಲ್ಲಿನ ತರುಣರು ಮುಂದಾಳುಗಳು. ದಕ್ಷಿಣ ಭಾರತದಲ್ಲಿ ಇಂಥದು ಅದೇ ಮೊದಲು. ಅಪ್ಪಿಕೊ ಚಳವಳಿ ಶುರುವಾದದ್ದು ಹೀಗೆ. ಮೊದಲ ದಿನ ನಮ್ಮೂರಿನಿಂದ ಹೋದವರಿಲ್ಲ. ಸುದ್ದಿ ಬಂದ ಮೇಲೆ ಹೋಗತೊಡಗಿದರು. ಕಡಿಯುವವರು ಒಂದು ದಿನ ವಾಪಸು ಹೋದರೆ ಮರುದಿನ ಬರುವುದಿಲ್ಲ ಎಂಬ ನಂಬಿಕೆ ಏನು? ಹಾಗಾಗಿ ಕಾವಲು ಬೇಕಿತ್ತು. ಸುತ್ತಲಿನ ಹಳ್ಳಿಗಳವರು ಸರದಿ ಹಾಕಿಕೊಂಡರು. ‘ತಂಗಿ, ನೀನೂ ಹೋಗಿ ಬಾ. ಅಡುಗೆ ಆನು ನೋಡ್ಕತ್ತಿ’ ಎಂದು ಅತ್ತೆಯೇ ನನ್ನನ್ನು ಕಳಿಸಿದರು. ಹೊಸ ಸೊಸೆಯನ್ನು ಸತ್ಯಾಗ್ರಹಕ್ಕೆ ಕಳಿಸುವುದು ಆ ಕಾಲಕ್ಕೆ ಎಷ್ಟು ದೊಡ್ಡ ಮಾತು ಎಂದು ಈಗಿನವರಿಗೆ ಹೇಳಿದರೆ ಅರ್ಥವಾಗುವುದು ಕಷ್ಟ.

ಮರ ಅಪ್ಪಿಕೊಳ್ಳುವುದೆಂದರೆ ಫೋಟೋದಲ್ಲಿ ಕಾಣುವಂತೆ ಅಲ್ಲ. ಮಳೆಗಾಲದ ಮರದ ತೊಗಟೆ ಪಾಚಿ ಕಟ್ಟಿ ಜಾರುತ್ತದೆ. ನಾನು ಹಿಡಿದದ್ದು ಒಂದು ಕಾಡುಮಾವಿನ ಮರ, ಪ್ಲೈವುಡ್ಡಿನವರಿಗೆ ಅದು ಬಹಳ ಬೇಕಾದದ್ದು. ನನ್ನ ಎರಡು ತೋಳು ಅದರ ಕಾಲುಭಾಗಕ್ಕೂ ಸಾಲಲಿಲ್ಲ. ಪಕ್ಕದ ಊರಿನ ಇನ್ನಿಬ್ಬರು ಹೆಂಗಸರು ಬಂದು ಕೈ ಕೂಡಿಸಿದರು, ಆದರೂ ಸುತ್ತು ಮುಚ್ಚಲಿಲ್ಲ. ಕೆನ್ನೆ ತೊಗಟೆಗೆ ಒತ್ತಿತ್ತು. ಮೇಲಿನಿಂದ ನೀರು ಕಾಂಡದ ಮೇಲೆ ಇಳಿಯುತ್ತ ಬಂದು ಕುತ್ತಿಗೆಯೊಳಗೆ ಹೋಗುತ್ತಿತ್ತು. ಮಳೆಯ ನೀರು ನೆಲಕ್ಕೆ ಅಪ್ಪಳಿಸದೆ ಎಲೆಯಿಂದ ಕೊಂಬೆಗೆ, ಕೊಂಬೆಯಿಂದ ಕಾಂಡಕ್ಕೆ, ಕಾಂಡದಿಂದ ಬೇರಿಗೆ ಹೋಗುವುದನ್ನು ಅವತ್ತು ಮೈಯಿಂದಲೇ ಕಲಿತೆ. ಕಾಲಿಗೆ ರಕ್ತ ಹೀರುವ ಉಂಬಳ. ಸುಣ್ಣದ ಡಬ್ಬಿ ತಂದಿದ್ದ ಅಜ್ಜಿಯೊಬ್ಬಳು ಮರದಿಂದ ಮರಕ್ಕೆ ಹೋಗಿ ಎಲ್ಲರ ಕಾಲಿಗೂ ಹಚ್ಚುತ್ತಿದ್ದಳು.

ಕೊಡಲಿ ಹಿಡಿದವರು ನಮ್ಮ ವೈರಿಗಳಾಗಿರಲಿಲ್ಲ. ಹೊಟ್ಟೆಪಾಡಿಗೆ ಎಲ್ಲಿಂದಲೋ ಬಂದವರು. ಗುತ್ತಿಗೆದಾರ ಎಲ್ಲೋ ಪೇಟೆಯಲ್ಲಿ, ಮಳೆಯಲ್ಲಿ ನೆನೆಯುವವರು ಇವರು. ‘ನಮ್ದು ಕೂಲಿ ಅಮ್ಮಾ, ನಾವೇನ್ ಮಾಡೋಣ’ ಎಂದ ಒಬ್ಬಾತ. ಮಧ್ಯಾಹ್ನ ನಾವು ಕಟ್ಟಿಕೊಂಡು ಹೋದ ಅವಲಕ್ಕಿ, ದೋಸೆಯನ್ನು ಅವರಿಗೂ ಕೊಟ್ಟೆವು. ತಿನ್ನುತ್ತ ಆತ ತನ್ನ ಊರಿನ ಮಾತು ತೆಗೆದ. ಅವನ ಊರಿನಲ್ಲಿ ಬೇಸಿಗೆಯಲ್ಲಿ ಹೆಂಗಸರು ಹೊಲ ದಾಟಿ, ಇನ್ನೊಂದು ಹೊಲ ದಾಟಿ ನೀರು ತರುತ್ತಾರಂತೆ. ಇಷ್ಟು ನೀರು ಇಲ್ಲಿ ಯಾಕಿದೆ ಎಂದು ತನಗೂ ಗೊತ್ತು ಎಂದ. ಅವತ್ತು ಅವರು ಕೊಡಲಿ ಎತ್ತಲಿಲ್ಲ. ಈ ಹೋರಾಟ ಕೊನೆವರೆಗೂ ಯಾರ ಮೈಮೇಲೂ ಕೈ ಮಾಡದೆ ನಡೆಯಿತು ಎಂಬುದು ನನಗೆ ಇಂದಿಗೂ ಹೆಮ್ಮೆಯ ಸಂಗತಿ.

ಕಾವಲು 38 ದಿನ ನಡೆಯಿತು. ಚೌತಿಗೆ ಮೊದಲು ಶುರುವಾದದ್ದು ಪಿತೃಪಕ್ಷ ದಾಟಿ ನವರಾತ್ರಿ ಮುಗಿಯುವವರೆಗೆ. ಹಬ್ಬ, ಶ್ರಾದ್ಧ, ತೋಟದ ಕೆಲಸ ಯಾವುದೂ ನಿಲ್ಲಲಿಲ್ಲ, ಕಾಡಿನ ಕಾವಲೂ ನಿಲ್ಲಲಿಲ್ಲ. ಕೊನೆಗೆ ಸರ್ಕಾರ ಕಡಿತದ ಆದೇಶ ಹಿಂತೆಗೆದುಕೊಂಡಿತು. ಆಮೇಲೆ ಚಳವಳಿ ಹುಸ್ರಿ, ಬೆಣಗಾಂವ, ನಿಡಗೋಡ ಎಂದು ಊರಿಂದ ಊರಿಗೆ ಹೋಯಿತು, ಘಟ್ಟದುದ್ದಕ್ಕೂ ಹರಡಿತು. ಪಾದಯಾತ್ರೆ, ಬೀದಿ ನಾಟಕ, ಯಕ್ಷಗಾನ, ಸ್ಲೈಡ್ ಪ್ರದರ್ಶನ, ಹೀಗೆ ಯಾವುದರಿಂದ ಜನ ಸೇರುತ್ತಾರೋ ಅದೆಲ್ಲ ಬಳಕೆಯಾಯಿತು. 1987ರ ನವೆಂಬರ್‌ನಲ್ಲಿ ಪಶ್ಚಿಮ ಘಟ್ಟ ಉಳಿಸಿ ಪಾದಯಾತ್ರೆ ಹೊರಟಿತು. ಒಂದು ತಂಡ ಕನ್ಯಾಕುಮಾರಿಯಿಂದ, ಇನ್ನೊಂದು ಮಹಾರಾಷ್ಟ್ರದ ನವಾಪುರದಿಂದ, ಎರಡೂ ಮುಂದಿನ ಫೆಬ್ರುವರಿಯಲ್ಲಿ ಗೋವಾದಲ್ಲಿ ಕೂಡಿದವು. ಅದೇ ನವೆಂಬರ್‌ನಲ್ಲಿ ಆಗಿನ ಧಾರವಾಡ ಜಿಲ್ಲೆಯ ಕುಸನೂರಿನ ರೈತರು ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯ ಜೊತೆಗೂಡಿ ತಮ್ಮ ಗೋಮಾಳದಲ್ಲಿ ನೆಟ್ಟ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ಶಿವರಾಮ ಕಾರಂತರು ಆ ಇಳಿವಯಸ್ಸಿನಲ್ಲೂ ನೀಲಗಿರಿಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು, ಕೈಗಾ ಅಣುಸ್ಥಾವರದ ವಿರುದ್ಧ ದನಿಯೆತ್ತಿ 1989ರಲ್ಲಿ ನಮ್ಮ ಜಿಲ್ಲೆಯಿಂದ ಲೋಕಸಭೆಗೆ ನಿಂತರು. ಸೋತರು. ನಮ್ಮ ಜಿಲ್ಲೆ ಅವರನ್ನು ಸೋಲಿಸಬಾರದಿತ್ತು ಎಂದು ಇವತ್ತಿಗೂ ನನಗೆ ಅನ್ನಿಸುತ್ತದೆ.

1988ರ ರಾಷ್ಟ್ರೀಯ ಅರಣ್ಯ ನೀತಿ, ಕಾಡಿನಿಂದ ಬರುವ ಹಣಕ್ಕಿಂತ ಪರಿಸರದ ಸಮತೋಲ ಮುಖ್ಯ ಎಂದು ಬರೆಯಿತು. ಮುಂದೆ ಘಟ್ಟದ ಸಹಜ ಕಾಡಿನಲ್ಲಿ ಹಸಿ ಮರ ಕಡಿಯುವುದೂ ನಿಂತಿತು. ಇದಕ್ಕೆಲ್ಲ ಅಪ್ಪಿಕೊ ಒಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಅಪ್ಪಿಕೊ ಇಲ್ಲದಿದ್ದರೆ ನಮ್ಮ ಕಾನುಗಳಲ್ಲಿ ಅಷ್ಟರೊಳಗೆ ಉಳಿಸಿಕೊಳ್ಳಲು ಏನೂ ಇರುತ್ತಿರಲಿಲ್ಲ.

‘ಉಳಿಸು, ಬೆಳೆಸು, ಬಳಸು’ ಎಂಬುದು ಚಳವಳಿಯ ಮಂತ್ರ. ಉಳಿಸಿದ್ದನ್ನು ಎಲ್ಲರೂ ಹೇಳುತ್ತಾರೆ. ನನ್ನ ಮಟ್ಟಿಗೆ ನಿಜವಾದ ಕಷ್ಟ ಇದ್ದದ್ದು ಮೂರನೆಯದರಲ್ಲಿ. ಹಳೆಯ ಒಲೆಗೆ ಎಷ್ಟು ಸೌದೆ ಬೇಕು ಎಂದು ಅಡುಗೆಮನೆಯಲ್ಲಿ ನಿಂತವರಿಗೇ ಗೊತ್ತು. ಅಡುಗೆ ಒಲೆ ಒಂದು ಕಡೆ, ಬಚ್ಚಲೊಲೆ ಇನ್ನೊಂದು ಕಡೆ, ಕೊಯ್ಲಿನ ಕಾಲದಲ್ಲಿ ಅಡಿಕೆ ಬೇಯಿಸುವ ಹಂಡೆ ಮತ್ತೊಂದು ಕಡೆ. ಮಳೆಗಾಲ ಕೂರುವ ಮೊದಲು ಸೌದೆ ಮನೆ ಸೂರಿನವರೆಗೆ ತುಂಬಬೇಕು. ಮರ ಅಪ್ಪಿಕೊಂಡು ಬಂದವರೇ ಮನೆಯಲ್ಲಿ ಗಾಡಿಗಟ್ಟಲೆ ಸುಟ್ಟರೆ ಏನು ಬಂತು? ಕಾರ್ಯಕರ್ತರು ಇದನ್ನು ಅರ್ಥ ಮಾಡಿಕೊಂಡಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ವಿಭಾಗ ಹಳ್ಳಿಗಳಿಗಾಗಿ ರೂಪಿಸಿದ ಒಲೆ ನಮ್ಮ ಮನೆಗಳಿಗೆ ಬಂತು.

ನಮ್ಮ ಮನೆಗೆ ಅಸ್ತ್ರ ಒಲೆ ಹಾಕಿದ ದಿನ ಚೆನ್ನಾಗಿ ನೆನಪಿದೆ. ಮಣ್ಣಿನ ಕಟ್ಟೆ, ಮೂರು ಕಣ್ಣು, ಒಂದೇ ಬಾಯಿ. ಮುಂದಿನ ಕಣ್ಣಿನಲ್ಲಿ ಅನ್ನ, ನಡುವಿನದರಲ್ಲಿ ಸಾರು, ಹಿಂದಿನದರಲ್ಲಿ ಬಿಸಿನೀರು, ಎಲ್ಲ ಒಂದೇ ಬೆಂಕಿಯಲ್ಲಿ. ಹೊಗೆ ಕೊಳವೆಯಲ್ಲಿ ಮಾಡು ದಾಟಿ ಹೊರಗೆ. ಅತ್ತೆಗೆ ಮೊದಲು ನಂಬಿಕೆ ಬರಲಿಲ್ಲ, ಪಾತ್ರೆ ಕಣ್ಣಿಗೆ ಸರಿಯಾಗಿ ಕೂರಬೇಕು, ಸೌದೆ ಸಣ್ಣಗೆ ಸೀಳಬೇಕು ಎಂಬ ಕಟ್ಟುಪಾಡು ಅವರಿಗೆ ಹಿಡಿಸಲಿಲ್ಲ. ಒಂದು ಮಳೆಗಾಲ ಕಳೆಯಿತು. ಕಣ್ಣುರಿ ಹೋಯಿತು, ರಾತ್ರಿ ಕೆಮ್ಮು ಕಡಿಮೆಯಾಯಿತು, ಸೌದೆ ಮನೆಯಲ್ಲಿ ಹಿಂದಿನ ವರ್ಷದ ರಾಶಿ ಹಾಗೇ ಉಳಿದಿತ್ತು. ಆಮೇಲೆ ನೆಂಟರು ಬಂದಾಗಲೆಲ್ಲ ಅತ್ತೆಯೇ ಕೈಹಿಡಿದು ಕರೆದುಕೊಂಡು ಹೋಗಿ ಒಲೆ ತೋರಿಸುತ್ತಿದ್ದರು. ಕೊಟ್ಟಿಗೆಯ ಪಕ್ಕ ಗೋಬರ್ ಗ್ಯಾಸ್ ಕೂಡ ಬಂತು. ಇವತ್ತು ಶಿರಸಿ, ಸಿದ್ದಾಪುರದ ಹಳ್ಳಿಗಳಲ್ಲಿ ಗೋಬರ್ ಗ್ಯಾಸ್ ಕಾಣುವುದು ಅಪರೂಪವಲ್ಲ. ಕಾಡು ಉಳಿಸಿದವರ ಪಟ್ಟಿಯಲ್ಲಿ ಈ ಒಲೆಗಳನ್ನು ಕಟ್ಟಿದ ಕೈಗಳನ್ನೂ ಸೇರಿಸಬೇಕು.

ಇನ್ನು ಬೆಟ್ಟದ ಮಾತು. ಬ್ರಿಟಿಷರ ಕಾಲದಲ್ಲಿ ಮುಂಬಯಿ ಸರ್ಕಾರ ಘಟ್ಟದ ಮೇಲಿನ ತೋಟಿಗರಿಗೆ, ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನಬೆಟ್ಟದ ಹಕ್ಕು ಕೊಟ್ಟಿತು. ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ. ನೆಲ ಸರ್ಕಾರದ್ದು, ಸೊಪ್ಪು, ದರಕು, ಸೌದೆ ನಮ್ಮದು. ಇಂಥ ಸವಲತ್ತು ದೇಶದಲ್ಲಿ ಬೇರೆ ಕಡೆ ರೈತರಿಗೆ ಸಿಕ್ಕಿದ್ದು ಕಡಿಮೆ. ಅದನ್ನು ಎಲ್ಲರೂ ಸರಿಯಾಗಿ ನೋಡಿಕೊಂಡಿದ್ದಾರೆಯೇ? ಇಲ್ಲ. ಚೆನ್ನಾಗಿ ಕಾದ ಬೆಟ್ಟ ಕಾನಿನಷ್ಟೇ ದಟ್ಟವಾಗಿದೆ. ವರ್ಷ ವರ್ಷ ತುದಿಯವರೆಗೆ ಸವರಿದ ಬೆಟ್ಟದಲ್ಲಿ ಮತ್ತಿ, ನಂದಿ ಮರಗಳು ಬರೀ ಕಂಬಗಳಂತೆ ನಿಂತಿವೆ. ದರಕನ್ನು ಒಂದೆಲೆ ಬಿಡದೆ ಗುಡಿಸಿದಲ್ಲಿ ನೆಲ ಬಿರುಸಾಗಿ ಕೆಂಪು ಜಂಬಿಟ್ಟಿಗೆ ಮೇಲೆದ್ದಿದೆ. ಅಂಥ ಬೆಟ್ಟದ ಕೆಳಗಿನ ತೋಟದ ಹಳ್ಳ ಶಿವರಾತ್ರಿಗೇ ಬತ್ತುತ್ತದೆ. ಇಲಾಖೆಯ ಕಡಿತವನ್ನು ಎದುರಿಸಿದ ಸಮಾಜ ತನ್ನ ಕತ್ತಿಯ ಲೆಕ್ಕವನ್ನೂ ಕೊಡಬೇಕು.

ಅತ್ತೆ ಒಂದು ವಾಕ್ಯದಲ್ಲಿ ಹೇಳಿದ್ದನ್ನು ವಿಜ್ಞಾನಿಗಳು ಈಚೆಗೆ ಅಳೆದು ಹೇಳಿದ್ದಾರೆ. ಜಗದೀಶ ಕೃಷ್ಣಸ್ವಾಮಿ ಮತ್ತು ಸಂಗಡಿಗರು ನಮ್ಮ ಜಿಲ್ಲೆಯಲ್ಲೇ ಸಹಜ ಕಾಡು, ಅಕೇಶಿಯಾ ನೆಡುತೋಪು, ಹಾಳಾದ ಕಾಡು ಮೂರರಲ್ಲೂ ಮಳೆ ನೀರು ಎಷ್ಟು ಹರಿದುಹೋಗುತ್ತದೆ ಎಂದು ಅಳೆದರು. ಸಹಜ ಕಾಡಿನಿಂದ ಅತಿ ಕಡಿಮೆ, ಹಾಳಾದ ಕಾಡಿನಿಂದ ಅತಿ ಹೆಚ್ಚು, ಅಕೇಶಿಯಾ ನಡುವೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ, ಜಲಾನಯನದಲ್ಲಿ ಸ್ಥಳೀಯ ಮರಗಳ ಹೊದಿಕೆ ಶೇ. 60ಕ್ಕಿಂತ ಹೆಚ್ಚು ಇರುವ ಕಡೆ ಹಳ್ಳಗಳು ವರ್ಷವಿಡೀ ಹರಿಯುತ್ತವೆ ಎಂದು ತೋರಿಸಿತು. ಸಿದ್ದಾಪುರದ ಕತ್ತಲೆಕಾನಿಗೆ ಹೋದರೆ ಇದನ್ನು ಅಳೆಯುವ ಯಂತ್ರವಿಲ್ಲದೆಯೂ ನೋಡಬಹುದು. ಅಲ್ಲಿನ ಜೌಗು ಕಾಡಾದ ರಾಮಪತ್ರೆ ಜಡ್ಡಿಯಲ್ಲಿ ಮರದ ಬೇರುಗಳು ಉಸಿರಾಡಲು ನೀರಿನಿಂದ ಮೇಲೆದ್ದು ಮಂಡಿ ಮಡಚಿ ನಿಂತಿರುತ್ತವೆ, ಬೇಸಿಗೆಯಲ್ಲೂ ಅವುಗಳ ನಡುವೆ ನೀರು ಸರಿಯುತ್ತಿರುತ್ತದೆ. ಶಿರಸಿಯಲ್ಲಿ ಹುಟ್ಟಿ ಒಂದೂ ಅಣೆಕಟ್ಟಿಲ್ಲದೆ ಸಮುದ್ರ ಸೇರುವ ಅಘನಾಶಿನಿ ಇಂಥ ಜಾಗಗಳಿಂದ ಬದುಕಿದ್ದಾಳೆ. ಅವಳ ಕಣಿವೆಯ ಕಾಡನ್ನು 2011ರಲ್ಲಿ ಸಿಂಗಳೀಕಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ್ದು ಒಳ್ಳೆಯ ಕೆಲಸ.

ಅತ್ತೆ ಈಗಿಲ್ಲ. 2021ರ ಮೇ 21ರಂದು ಬಹುಗುಣರೂ ಹೋದರು, ಕೊರೊನಾ ಅವರನ್ನು ಕೊಂಡೊಯ್ದಿತು. ಅದೇ ವರ್ಷ ಜುಲೈ ಮಳೆಗೆ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಜಾರಿ ತೋಟಗಳು ಮಣ್ಣಾದವು. 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಗಾಗಿ ಕೊರೆದ ಗುಡ್ಡ ಕುಸಿದು ಜೀವಗಳೇ ಹೋದವು. ಇಷ್ಟಾದರೂ ಬೇಡ್ತಿಯ ನೀರನ್ನು ವರದಾ ನದಿಗೆ ತಿರುಗಿಸುವ ಮಾತು ನಿಂತಿಲ್ಲ. ನಲವತ್ತು ವರ್ಷದ ಹಿಂದೆ ನಮ್ಮ ಹಿರಿಯರು ಲೆಕ್ಕ ಹಾಕಿ ಬೇಡ ಎಂದ ಕಣಿವೆಗೇ ಮತ್ತೆ ಕಾಗದ ಹಿಡಿದು ಬರುತ್ತಿದ್ದಾರೆ. ನೀರು ಬೇಕಿರುವ ಬಯಲುಸೀಮೆಯ ರೈತರ ಮೇಲೆ ನನಗೆ ಕೋಪವಿಲ್ಲ, ಅವರ ಕಷ್ಟ ನಿಜ. ಆದರೆ ಮಳೆಗಾಲದಲ್ಲಿ ಬಂದು ತುಂಬಿದ ಹೊಳೆ ನೋಡಿ ಇಲ್ಲಿ ನೀರು ಹೆಚ್ಚಾಗಿದೆ ಎಂದು ಬರೆಯುವವರು ಏಪ್ರಿಲ್ ತಿಂಗಳಲ್ಲಿ ಬಂದು ಅದೇ ಹೊಳೆಯಲ್ಲಿ ನಡೆಯಬೇಕು. ಬೇಸಿಗೆಯಲ್ಲಿ ನಮ್ಮ ಹಳ್ಳಿಗಳಿಗೇ ಟ್ಯಾಂಕರ್ ಬರುತ್ತಿದೆ.

ಕೊಡಲಿ ಬಂದ ದಿನ ಓಡಿಹೋಗಿ ಮರ ಹಿಡಿಯುವುದು ಒಂದು ಕೆಲಸ. ಕೊಡಲಿ ಬಾರದ ವರ್ಷಗಳಲ್ಲಿ ಕಾಯುವುದು ಇನ್ನೊಂದು, ಅದು ಹೆಚ್ಚು ಕಷ್ಟದ್ದು. ಅದಕ್ಕಾಗಿ ನನ್ನದೊಂದು ಕೇಳಿಕೆ, ಸರ್ಕಾರಕ್ಕಲ್ಲ, ನಮ್ಮವರಿಗೆ. ಸೊಪ್ಪಿನಬೆಟ್ಟ ಇರುವ ಪ್ರತಿ ಮನೆಯವರೂ ಹಳ್ಳದ ನೆತ್ತಿಯ ಭಾಗದಲ್ಲಿ ಒಂದೇ ಒಂದು ಎಕರೆಗೆ ಬೇಲಿ ಹಾಕಿ. ಅಲ್ಲಿ ಸೊಪ್ಪು ಕಡಿಯಬೇಡಿ, ದರಕು ಗುಡಿಸಬೇಡಿ, ದನ ಬಿಡಬೇಡಿ, ಬೆಂಕಿ ಬೀಳದ ಹಾಗೆ ನೋಡಿಕೊಳ್ಳಿ. ಗಿಡ ನೆಡುವುದೂ ಬೇಡ, ಬೀಜ ನೆಲದಲ್ಲೇ ಇದೆ. ಈ ಮಳೆಗಾಲಕ್ಕೆ ಮೊದಲು ಶುರು ಮಾಡಿ.